ಲಿಫ್ಟ್ ನಿಂತಿತು, ನೋಡುವವರು ಮೊಬೈಲ್ ತೆಗೆದರು

ಪ್ರಶ್ನೆ: ನಾನು ದಾವಣಗೆರೆಯ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ಗೆಳೆಯರೊಡನೆ ಸೇರಿ 22 ನಿಮಿಷದ ಕಿರುಚಿತ್ರವೊಂದನ್ನು ಮಾಡಿದ್ದೇನೆ. ಊಟದ ಪಾರ್ಸೆಲ್ ತಲುಪಿಸುವ ಹುಡುಗ ಮತ್ತು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಕರೆಂಟ್ ಹೋಗುತ್ತದೆ, ಒಳಗೆ ಆಮ್ಲಜನಕ ಕಡಿಮೆಯಾಗುತ್ತಾ ಬರುತ್ತದೆ. ನಿಜವಾದ ಲಿಫ್ಟಿನಲ್ಲೇ ಮೂರು ರಾತ್ರಿ ಚಿತ್ರೀಕರಿಸಿದೆವು. ಆದರೂ ಎಂಟನೇ ನಿಮಿಷಕ್ಕೆ ನೋಡುವವರು ಮೊಬೈಲ್ ತೆಗೆಯುತ್ತಾರೆ. ಒಬ್ಬ ಮನುಷ್ಯ ಶವಪೆಟ್ಟಿಗೆಯಲ್ಲಿ ಮಲಗಿರುವ ಚಿತ್ರವೊಂದು ಒಂದೂವರೆ ಗಂಟೆ ಅಲುಗಾಡದಂತೆ ಕೂರಿಸುತ್ತದೆ. ನನ್ನದಕ್ಕೆ ಆ ಬಿಗಿ ಏಕೆ ಬರಲಿಲ್ಲ? ದುಡ್ಡಿನ ಕೊರತೆಯೇ?

ಉತ್ತರ: ನೀವು ಕಳುಹಿಸಿದ ಚಿತ್ರವನ್ನು ಎರಡು ಸಲ ನೋಡಿದೆ. ಎರಡನೆಯ ಸಲ ಸದ್ದು ಪೂರ್ತಿ ಅಡಗಿಸಿ ನೋಡಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಕಲನದ ಮೇಜಿನ ಮುಂದೆ ಕುಳಿತವನಿಗೆ ಅಂಟಿಕೊಂಡ ಚಾಳಿ ಅದು. ದುಡ್ಡಿನ ಕೊರತೆ ಕಾರಣವಲ್ಲ, ಆ ಮಾತನ್ನು ಇಲ್ಲಿಗೇ ಬಿಡಿ. ಜನ ಮೊಬೈಲ್ ತೆಗೆದದ್ದು ಎಂಟನೇ ನಿಮಿಷದಲ್ಲಿ ಇರಬಹುದು, ಆದರೆ ಅವರು ನಿಮ್ಮ ಲಿಫ್ಟಿನಿಂದ ಇಳಿದು ಹೋದದ್ದು ನಾಲ್ಕನೇ ನಿಮಿಷದಲ್ಲೇ. ಅಲ್ಲಿ ಹುಡುಗ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾನೆ. ತೆರೆಯ ಮೇಲೆ ಅವನ ಊರಿನ ಮೆಕ್ಕೆಜೋಳದ ಹೊಲ ಬರುತ್ತದೆ, ತಂಗಿ ಓಡಿ ಬರುತ್ತಾಳೆ, ಗರಿಗಳ ಮೇಲೆ ಗಾಳಿ ಹಾಯುತ್ತದೆ. ಶಾಟ್ ಚೆನ್ನಾಗಿದೆ, ನಿಮ್ಮ ಛಾಯಾಗ್ರಾಹಕರಿಗೆ ಕಣ್ಣಿದೆ. ಆದರೆ ಉಸಿರು ಕಟ್ಟಬೇಕಾದ ಹೊತ್ತಿನಲ್ಲಿ ನೀವೇ ಬಾಗಿಲು ತೆರೆದು, ‘ಸ್ವಲ್ಪ ಗಾಳಿ ಕುಡಿದು ಬನ್ನಿ’ ಎಂದು ಪ್ರೇಕ್ಷಕರನ್ನು ಹೊಲಕ್ಕೆ ಕಳುಹಿಸಿದಿರಿ. ಇಂಥ ಫ್ಲ್ಯಾಷ್‌ಬ್ಯಾಕ್ ನಾಲ್ಕಿವೆ. ನಾಲ್ಕು ಸಲ ಹೊರಗೆ ಹೋಗಿ ಬಂದವನಿಗೆ ಲಿಫ್ಟ್ ಸೆರೆಮನೆಯಂತೆ ಕಾಣುವುದಿಲ್ಲ, ಬಸ್ ನಿಲ್ದಾಣದಂತೆ ಕಾಣುತ್ತದೆ.

ನೀವು ಹೆಸರು ಹೇಳದೆ ಉಲ್ಲೇಖಿಸಿರುವ ಚಿತ್ರ ‘ಬರೀಡ್’ ಇರಬೇಕು. 2010ರದು, ಸ್ಪೇನಿನ ರೋಡ್ರಿಗೋ ಕೋರ್ಟೆಸ್ ನಿರ್ದೇಶಿಸಿದ್ದು. ಇರಾಕಿನಲ್ಲಿ ಗುತ್ತಿಗೆ ಕಂಪನಿಯೊಂದಕ್ಕೆ ಲಾರಿ ಓಡಿಸುವ ಅಮೆರಿಕನ್ನನೊಬ್ಬ ಎಚ್ಚರವಾದಾಗ ನೆಲದೊಳಗಿನ ಮರದ ಪೆಟ್ಟಿಗೆಯಲ್ಲಿರುತ್ತಾನೆ. ಪೆಟ್ಟಿಗೆಯೊಳಗೆ ಇರುವುದು ರಯಾನ್ ರೆನಾಲ್ಡ್ಸ್ ಒಬ್ಬರೇ. ಬಾರ್ಸಿಲೋನಾದ ಸ್ಟುಡಿಯೋದಲ್ಲಿ 17 ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ದುಡ್ಡಿನ ಚಿತ್ರ. ಆದರೆ ಆ ದುಡ್ಡು ಎಲ್ಲಿ ಹೋಯಿತು ಎಂಬುದನ್ನು ಗಮನಿಸಿ: ಒಂದಲ್ಲ, ಏಳು ಪೆಟ್ಟಿಗೆಗಳನ್ನು ಮಾಡಿಸಿದ್ದರು. ಪಕ್ಕದ ಹಲಗೆ ಬಿಚ್ಚಿ ಕ್ಯಾಮೆರಾ ಇಡಲು ಒಂದು, ಸುತ್ತ ತಿರುಗಿಸಲು ಒಂದು, ಗೋಡೆಗಳು ಬಾವಿಯಂತೆ ಎತ್ತರಕ್ಕೆ ಏರಿರುವುದು ಇನ್ನೊಂದು, ಹೀಗೆ. ಇಷ್ಟೆಲ್ಲ ಮಾಡಿಯೂ ಹೆಂಡತಿಯ ಮನೆ, ಕಂಪನಿಯ ಕಚೇರಿ, ಮರಳುಗಾಡಿನ ಒಂದು ಹಿಡಿ ಆಕಾಶವನ್ನೂ ಅವರು ತೋರಿಸಲಿಲ್ಲ. ಕ್ಯಾಮೆರಾ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ.

ಆದರೆ ಪೆಟ್ಟಿಗೆ ಚಿಕ್ಕದು ಎಂಬುದರಿಂದಲೇ ಆ ಬಿಗಿ ಬಂದಿತೆಂದು ತಿಳಿದರೆ ತಪ್ಪು. ಚಿತ್ರದ ಆರಂಭದಲ್ಲಿ ತೆರೆ ಪೂರ್ತಿ ಕಪ್ಪು. ಉಸಿರಿನ ಸದ್ದು, ಹಲಗೆಗೆ ಕೈ ತಾಗುವ ಸದ್ದು, ಅಷ್ಟೇ. ಆಮೇಲೆ ಲೈಟರ್ ಹೊತ್ತಿಕೊಳ್ಳುತ್ತದೆ. ಈಗ ಯೋಚಿಸಿ: ಆ ಬೆಂಕಿಯಿಂದಲೇ ನಮಗೆ ಅವನ ಮುಖ ಕಾಣುತ್ತದೆ, ಮತ್ತು ಅದೇ ಬೆಂಕಿ ಅವನ ಗಾಳಿಯನ್ನು ತಿನ್ನುತ್ತದೆ. ನೋಡಬೇಕೆಂದರೆ ಉಸಿರು ತೆರಬೇಕು. ಲೈಟರ್ ಆರಿಸಿದರೆ ಗಾಳಿ ಉಳಿಯುತ್ತದೆ, ಆದರೆ ನಾವೂ ಅವನೂ ಕತ್ತಲಲ್ಲಿ. ಮೊಬೈಲಿನ ನೀಲಿ ಬೆಳಕು ಬ್ಯಾಟರಿ ತಿನ್ನುತ್ತದೆ. ಚಿತ್ರದಲ್ಲಿ ಬರುವ ಪ್ರತಿ ಬೆಳಕಿಗೂ ಹೀಗೊಂದು ಬೆಲೆಯ ಚೀಟಿ ಅಂಟಿದೆ. ರೇಷನ್ ಅಂಗಡಿಯ ತಕ್ಕಡಿಯಂತೆ ನಿರ್ದೇಶಕರು ಬೆಳಕನ್ನು ತೂಗಿ ತೂಗಿ ಕೊಡುತ್ತಾರೆ. ಪ್ರೇಕ್ಷಕ ತನಗೆ ಅರಿವಿಲ್ಲದೆಯೇ ಮನಸ್ಸಿನಲ್ಲಿ ಲೆಕ್ಕ ಇಡುತ್ತಿರುತ್ತಾನೆ. ಲೆಕ್ಕ ಇಡುತ್ತಿರುವವನು ಮೊಬೈಲ್ ತೆಗೆಯುವುದಿಲ್ಲ.

ನಿಮ್ಮ ಚಿತ್ರದಲ್ಲಿ ಏನು ಕರಗುತ್ತಿದೆ? ಆಮ್ಲಜನಕ ಎನ್ನುತ್ತೀರಿ. ಇಲ್ಲಿ ಒಂದು ಮೂಲಭೂತ ತೊಡಕಿದೆ. ಲಿಫ್ಟಿನ ಕ್ಯಾಬಿನ್ ಗಾಳಿ ಆಡದ ಡಬ್ಬಿಯಲ್ಲ. ಅದರ ಮೇಲೂ ಕೆಳಗೂ ಗಾಳಿಗೆಂದೇ ಸಂದು ಬಿಟ್ಟಿರುತ್ತಾರೆ, ಬಾಗಿಲಿನ ಎಡೆಯಲ್ಲಿ ಬೆರಳು ಇಟ್ಟರೆ ತಣ್ಣಗೆ ತಾಕುತ್ತದೆ. 1999ರಲ್ಲಿ ನ್ಯೂಯಾರ್ಕಿನ ಕಚೇರಿ ಕಟ್ಟಡವೊಂದರಲ್ಲಿ, ಸಿಗರೇಟು ಸೇದಲು ಕೆಳಗೆ ಹೋಗಿ ಮರಳುತ್ತಿದ್ದ ಉದ್ಯೋಗಿಯೊಬ್ಬರು ಲಿಫ್ಟಿನಲ್ಲಿ 41 ಗಂಟೆ ಸಿಕ್ಕಿಕೊಂಡಿದ್ದರು. ಕಣ್ಗಾವಲು ಕ್ಯಾಮೆರಾದಲ್ಲಿ ಅದೆಲ್ಲ ದಾಖಲಾಗಿದೆ. ಅವರು ಬಾಗಿಲನ್ನು ಬಲವಂತವಾಗಿ ಸರಿಸಿದಾಗ ಎದುರಿಗೆ ಕಂಡದ್ದು ಬರಿಯ ಗೋಡೆ, ಅದರ ಮೇಲೆ 13 ಎಂಬ ಅಂಕಿ. ಅಲ್ಲಿ ಅವರನ್ನು ಕಾಡಿದ್ದು ಗಾಳಿಯ ಕೊರತೆಯಲ್ಲ. ಹೊತ್ತು ಎಷ್ಟಾಯಿತೆಂದು ತಿಳಿಯದಿರುವುದು, ಬಾಯಾರಿಕೆ, ತಾನು ಇಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲವೆಂಬ ಅರಿವು. ಅದರಲ್ಲಿ ನಿಮಗೆ ಬೇಕಾದಷ್ಟು ಸರಕಿದೆ. ಗಾಳಿಯ ವಿಚಾರದಲ್ಲೇ ಇನ್ನೊಂದು ಮಾತು. ನಿಜವಾಗಿ ಮುಚ್ಚಿದ ಜಾಗದಲ್ಲೂ ಮನುಷ್ಯನಿಗೆ ‘ಉಸಿರು ಕಟ್ಟುತ್ತಿದೆ’ ಎನ್ನಿಸುವುದು ಮುಖ್ಯವಾಗಿ ಅವನೇ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವುದರಿಂದ. ತಲೆನೋವು, ಏದುಸಿರು, ಬೆವರು ಬರುತ್ತವೆ. ನಿಮ್ಮ ಅಧಿಕಾರಿಗಳು ಗಂಟಲು ಹಿಡಿದು ಕೆಮ್ಮುತ್ತಾರೆ. ಅದು ಹೊಗೆ ತುಂಬಿದ ಮನೆಯಲ್ಲಿ ಆಗುವುದು.

ಅಪಾರ್ಟ್‌ಮೆಂಟಿನಲ್ಲಿ ವಾಸಿಸುವ ಪ್ರೇಕ್ಷಕ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಕರೆಂಟ್ ಹೋದರೆ ಲಿಫ್ಟ್ ನಿಂತುಬಿಡುವುದೇಕೆ? ಈಗಿನ ಬಹುಪಾಲು ಲಿಫ್ಟುಗಳಲ್ಲಿ ಮೆಕ್ಯಾನಿಕ್‌ಗಳು ಎಆರ್‌ಡಿ ಎಂದು ಕರೆಯುವ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಕರೆಂಟ್ ಹೋದೊಡನೆ ಅದು ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ಮೆಲ್ಲಗೆ ತಂದು ಬಾಗಿಲು ತೆರೆಯುತ್ತದೆ. ನಿಮ್ಮ ಕಥೆಯಲ್ಲಿ ಅದು ಕೆಲಸ ಮಾಡಲಿಲ್ಲವೆನ್ನಲು ಒಂದೇ ಸಾಲು ಸಾಕು. ಕಾವಲುಗಾರ ಹೊರಗಿನಿಂದ ಕೂಗಿ ಹೇಳಲಿ: ‘ಬ್ಯಾಟರಿ ಕೆಟ್ಟು ಆರು ತಿಂಗಳಾಯಿತು ಸಾರ್, ಅಸೋಸಿಯೇಷನ್‌ನವರು ಮೀಟಿಂಗ್ ಮಾಡುತ್ತಲೇ ಇದ್ದಾರೆ.’ ನಗು ಬರುತ್ತದೆ, ನಂಬಿಕೆಯೂ ಬರುತ್ತದೆ. 17ನೇ ನಿಮಿಷದಲ್ಲಿ ಹಗ್ಗ ಹರಿದು ಲಿಫ್ಟ್ ಕೆಳಕ್ಕೆ ಜಾರುವುದನ್ನು ಮಾತ್ರ ತೆಗೆದುಬಿಡಿ. ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ, ತಾನು ನಿಂತಿದ್ದ ವೇದಿಕೆಯ ಹಗ್ಗವನ್ನು ಕಡಿಸಿ ಅದು ಬೀಳುವುದಿಲ್ಲವೆಂದು ತೋರಿಸಿದ್ದ. ಅಂದಿನಿಂದ ಲಿಫ್ಟಿಗೆ ಹಿಡಿತದ ಬ್ರೇಕ್ ಇದೆ. ಚಾವಣಿಯ ಮುಚ್ಚಳವನ್ನು ಒಳಗಿನಿಂದ ಎತ್ತಿ ಹತ್ತುವುದೂ ಸಿನಿಮಾದವರ ಕಲ್ಪನೆ, ಅದರ ಚಿಲಕ ಸಾಮಾನ್ಯವಾಗಿ ಹೊರಗಡೆ ಇರುತ್ತದೆ.

ಈಗ ಲೆನ್ಸ್. ನಿಜವಾದ ಲಿಫ್ಟಿನಲ್ಲಿ ಚಿತ್ರೀಕರಿಸಿದ್ದನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ. ನನಗೆ ಅದೇ ದೊಡ್ಡ ಎಡವಟ್ಟಾಗಿ ಕಾಣುತ್ತದೆ. ನಿಮ್ಮ ಒಂದು ಶಾಟಿನಲ್ಲಿ ‘8 ಜನ, 544 ಕೆಜಿ’ ಎಂಬ ಫಲಕ ಕಾಣುತ್ತದೆ. ತಲೆಗೆ 68 ಕಿಲೋ ಲೆಕ್ಕ. ಅಂಥ ಕ್ಯಾಬಿನ್ ಸುಮಾರು 1.3 ಮೀಟರ್ ಅಗಲ, 1.1 ಮೀಟರ್ ಆಳ. ಅದರಲ್ಲಿ ಇಬ್ಬರು ನಟರು, ಕ್ಯಾಮೆರಾ, ಅದನ್ನು ಹಿಡಿದವರು. ಹಿಂದೆ ಸರಿಯಲು ಜಾಗವಿಲ್ಲ, ಹಾಗಾಗಿ ಅಗಲ ಲೆನ್ಸ್ ಹಾಕಿದ್ದೀರಿ, 16 ಅಥವಾ 18 ಎಂಎಂ ಇರಬೇಕು. ಅಗಲ ಲೆನ್ಸ್ ಏನು ಮಾಡುತ್ತದೆಂದು ತಿಳಿಯಬೇಕಾದರೆ ಫ್ಲ್ಯಾಟ್ ಮಾರಾಟದ ಜಾಹೀರಾತುಗಳ ಫೋಟೋ ನೋಡಿ. ಮಂಚ ಹಾಕಿದರೆ ಬಾಗಿಲು ತೆರೆಯದ ಕೋಣೆ ಅಲ್ಲಿ ಕಲ್ಯಾಣ ಮಂಟಪದಂತೆ ಕಾಣುತ್ತದೆ. ನಿಮ್ಮ ಲಿಫ್ಟಿನಲ್ಲೂ ಅದೇ ಆಗಿದೆ. ಹುಡುಗನಿಗೂ ಅಧಿಕಾರಿಗಳಿಗೂ ನಡುವೆ ಇನ್ನೊಂದು ಕುರ್ಚಿ ಹಾಕಬಹುದು ಎನ್ನಿಸುತ್ತದೆ.

ನಾನೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತದ್ದು. ಸಹಾಯಕನಾಗಿದ್ದ ಕಾಲದಲ್ಲಿ ಒಂದು ಧಾರಾವಾಹಿಗೆ ಎಸ್‌ಟಿಡಿ ಬೂತಿನ ದೃಶ್ಯವಿತ್ತು. ಹೊರಗೆ ಯಾರೋ ಕಾಯುತ್ತಿದ್ದಾರೆ, ಒಳಗೆ ಹೆಂಗಸು ಫೋನ್ ಹಿಡಿದು ನಡುಗುತ್ತಿದ್ದಾಳೆ. ನಿಜವಾದ ಬೂತಿನೊಳಗೆ ಕ್ಯಾಮೆರಾ ತುರುಕಿ ತೆಗೆದೆವು. ಸಂಕಲನದ ಕೋಣೆಯಲ್ಲಿ ನೋಡಿದರೆ ಬೂತು ಬ್ಯಾಂಕ್ ಮ್ಯಾನೇಜರರ ಕ್ಯಾಬಿನ್ನಿನಂತೆ ಕಂಡಿತು. ಮಾರನೆಯ ವಾರ ಅದರ ಒಂದು ಬದಿಯ ಗಾಜು ಬಿಚ್ಚಿ, ರಸ್ತೆಯ ಆಚೆ ಬದಿಯಿಂದ ಉದ್ದ ಲೆನ್ಸಿನಲ್ಲಿ, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸಿನಲ್ಲಿ, ಮತ್ತೆ ತೆಗೆದರು. ಹಿಂದಿನ ಗಾಜು, ಆಕೆಯ ಕಿವಿ, ಫೋನಿನ ಪೆಟ್ಟಿಗೆ, ಬೆಲೆ ತೋರಿಸುವ ಕೆಂಪು ಅಂಕಿ ಎಲ್ಲವೂ ಒಂದರ ಮೇಲೊಂದು ಒತ್ತಿಕೊಂಡವು. ಜಾಗ ದೊಡ್ಡದಾಗಿತ್ತು, ಚಿತ್ರ ಇಕ್ಕಟ್ಟಾಯಿತು.

ಇದನ್ನು ಒಂದು ಇಡೀ ಚಿತ್ರದ ವ್ಯಾಕರಣವಾಗಿ ಮಾಡಿದವರು ಸಿಡ್ನಿ ಲುಮೆಟ್. ‘ಟ್ವೆಲ್ವ್ ಆಂಗ್ರಿ ಮೆನ್’, 1957. ಕೊಲೆ ಪ್ರಕರಣವೊಂದರ ತೀರ್ಪುಗಾರರು ಹನ್ನೆರಡು ಮಂದಿ ಬೇಸಿಗೆಯ ಮಧ್ಯಾಹ್ನ ಒಂದು ಕೋಣೆಯಲ್ಲಿ ಕೂತು ವಾದಿಸುತ್ತಾರೆ. 96 ನಿಮಿಷದಲ್ಲಿ ಕೋಣೆಯ ಆಚೆ ನಡೆಯುವುದು ನಾಲ್ಕಾರು ನಿಮಿಷವೂ ಇಲ್ಲ. ಮೊದಲ ಮೂರನೇ ಒಂದು ಭಾಗವನ್ನು ಲುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ತೆಗೆದರು, ನಡುವಿನದನ್ನು ಕಣ್ಣಿನ ಮಟ್ಟದಲ್ಲಿ, ಕೊನೆಯದನ್ನು ಕೆಳಗಿನಿಂದ. ಜೊತೆಗೆ ಕಥೆ ಮುಂದುವರಿದಂತೆ ಲೆನ್ಸ್ ಉದ್ದವಾಗುತ್ತಾ ಹೋಯಿತು. ಪರಿಣಾಮವಾಗಿ ಗೋಡೆಗಳು ಬೆನ್ನಿಗೆ ಬಂದು ತಾಗುತ್ತವೆ, ಅದುವರೆಗೆ ಕಾಣದಿದ್ದ ಚಾವಣಿ ತಲೆಯ ಮೇಲೆ ಇಳಿಯತೊಡಗುತ್ತದೆ. ಕೋಣೆ ಒಂದಂಗುಲವೂ ಬದಲಾಗಿಲ್ಲ. ಕಡೆಗೆ ಅವರು ನ್ಯಾಯಾಲಯದ ಮೆಟ್ಟಿಲು ಇಳಿಯುವಾಗ ಮಾತ್ರ ಅಗಲ ಲೆನ್ಸ್. ಆಗ ನೋಡುವವರ ಎದೆಯಿಂದ ಬರುವ ನಿಟ್ಟುಸಿರಿಗೆ ಸಂಗೀತ ಕಾರಣವಲ್ಲ, ಲೆನ್ಸ್ ಕಾರಣ. ನೀವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೊದಲ ನಿಮಿಷದಲ್ಲೇ ಇಬ್ಬರ ಮುಖವನ್ನೂ ಬೆವರ ಹನಿ ಎಣಿಸುವಷ್ಟು ಹತ್ತಿರದಿಂದ ತೋರಿಸಿದ್ದೀರಿ. ಕ್ಲೋಸ್‌ಅಪ್ ನಿಮ್ಮ ಗಂಟಿನಲ್ಲಿದ್ದ ಕೊನೆಯ ರೂಪಾಯಿ, ಅದನ್ನು ಬಸ್ ಚಾರ್ಜಿಗೇ ಕೊಟ್ಟುಬಿಟ್ಟಿರಿ.

ಹಾಗಾದರೆ ಗೋಡೆ ಬಿಚ್ಚಲೇಬೇಕೇ? ಇದರಲ್ಲಿ ಎರಡು ಮತಗಳಿವೆ. ಹಿಚ್‌ಕಾಕ್ 1948ರಲ್ಲಿ ‘ರೋಪ್’ ಮಾಡುವಾಗ ಮನೆಯ ಗೋಡೆಗಳನ್ನು ಹಳಿಯ ಮೇಲೆ ನಿಲ್ಲಿಸಿ, ದೈತ್ಯಾಕಾರದ ಟೆಕ್ನಿಕಲರ್ ಕ್ಯಾಮೆರಾ ಬಂದಾಗ ಸದ್ದಿಲ್ಲದೆ ಸರಿಸುತ್ತಿದ್ದರು. ಒಂದು ರೀಲಿನಲ್ಲಿ ಸುಮಾರು ಹತ್ತು ನಿಮಿಷದ ಫಿಲ್ಮ್ ಮಾತ್ರ ಹಿಡಿಯುತ್ತಿದ್ದುದರಿಂದ ಒಬ್ಬರ ಕೋಟಿನ ಬೆನ್ನಿಗೆ ಕ್ಯಾಮೆರಾ ತಾಗಿಸಿ ಕಟ್ ಮುಚ್ಚಿಡುತ್ತಿದ್ದರು. ಅದೊಂದು ಕಸರತ್ತಾಗಿತ್ತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ನನಗೂ ಅದು ಅರ್ಧ ಕಸರತ್ತು, ಅರ್ಧ ಕಲೆ. ಕಿಟಕಿಯಾಚೆಯ ಸಂಜೆ ಮೆಲ್ಲಮೆಲ್ಲನೆ ರಾತ್ರಿಯಾಗುವುದಿದೆಯಲ್ಲ, ಅದೇ ಕಲೆಯ ಭಾಗ. ಎದುರು ಮತ ಜರ್ಮನಿಯ ವೋಲ್ಫ್‌ಗಾಂಗ್ ಪೀಟರ್ಸನ್ ಅವರದು. 1981ರ ‘ದಾಸ್ ಬೂಟ್’ಗಾಗಿ ಮ್ಯೂನಿಕ್ ಬಳಿಯ ಸ್ಟುಡಿಯೋದಲ್ಲಿ ಸಬ್‌ಮರೀನಿನ ಒಳಭಾಗವನ್ನು ಅಸಲಿ ಅಳತೆಗೇ ಕಟ್ಟಿ, ಅದನ್ನು ಬಿಚ್ಚದೆ ತೆಗೆದರು. ಛಾಯಾಗ್ರಾಹಕ ಯೋಸ್ಟ್ ವಕಾನೋ ಗೈರೋಸ್ಕೋಪಿನಿಂದ ಸ್ಥಿರಗೊಳಿಸಿದ ಸಣ್ಣ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಕೊಳವೆಗಳಿಗೆ ತಲೆ ಬಡಿಯದಂತೆ ನಟರ ಹಿಂದೆ ಆ ಓಣಿಯಲ್ಲಿ ಓಡುತ್ತಿದ್ದರು. ನಟರನ್ನು ಬಿಸಿಲಿಗೆ ಬಿಡದೆ ಮುಖ ಬಿಳಿಚಿಕೊಳ್ಳುವಂತೆ ನೋಡಿಕೊಂಡರು. ಗಡ್ಡ ಬೆಳೆಯುವುದು ಮೇಕಪ್ಪಿನವರ ಕೆಲಸವಾಗಬಾರದೆಂದು ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು.

ಎರಡರಲ್ಲಿ ಯಾವುದು ಮೇಲು ಎಂದು ನಾನು ಜಗಳ ಕಾಯುವುದಿಲ್ಲ. ಎರಡನ್ನೂ ಬೆರೆಸಬಾರದು ಎಂದು ಮಾತ್ರ ಹೇಳುತ್ತೇನೆ. ಕ್ಯಾಮೆರಾ ಮೂರನೆಯ ಸಹಪ್ರಯಾಣಿಕನೋ, ಅಥವಾ ಗೋಡೆಯಾಚೆಯಿಂದ ಇಣುಕುವವನೋ ಎಂಬುದನ್ನು ಮೊದಲೇ ತೀರ್ಮಾನಿಸಿ. ನಿಮ್ಮ ಬಜೆಟ್ಟಿಗೆ ನಾನು ಹೇಳುವುದು ಪ್ಲೈವುಡ್ಡಿನ ಲಿಫ್ಟ್. ಸ್ಟೀಲ್ ಬಣ್ಣದ ಲ್ಯಾಮಿನೇಟ್ ಹೊದಿಸಿ, ನಾಲ್ಕೂ ಗೋಡೆ ಬೋಲ್ಟ್ ಬಿಚ್ಚಿದರೆ ಕಳಚಿಕೊಳ್ಳುವಂತೆ ಮಾಡಿಸಿ. ಬಡಗಿಯವರಿಗೆ ಎರಡು ದಿನದ ಕೆಲಸ. ಮೂರು ರಾತ್ರಿ ಅಪಾರ್ಟ್‌ಮೆಂಟಿನವರ ಕೈಕಾಲು ಹಿಡಿದದ್ದಕ್ಕಿಂತ ಅಗ್ಗ. ನಟರಿಗೂ ಕ್ಷೇಮ: ಯಾರಿಗಾದರೂ ನಿಜವಾಗಿಯೇ ದಿಗಿಲು ಹತ್ತಿದರೆ ಒಂದು ಗೋಡೆ ಎತ್ತಿ ಪಕ್ಕಕ್ಕಿಟ್ಟರಾಯಿತು. ಕನ್ನಡಿಯನ್ನು ಮಾತ್ರ ನಿಜವಾದದ್ದೇ ಹಾಕಿ, ಕ್ಯಾಮೆರಾ ಅದರಲ್ಲಿ ಕಾಣದಂತೆ ಒಂದೆರಡು ಡಿಗ್ರಿ ಓರೆಯಾಗಿ.

ಸದ್ದಿಗೆ ಬರುತ್ತೇನೆ. ಚಿತ್ರವನ್ನು ಸದ್ದಿಲ್ಲದೆ ನೋಡಿದಾಗ ನಿಮ್ಮ ಲಿಫ್ಟ್ ಹೆಚ್ಚು ಭಯ ಹುಟ್ಟಿಸಿತು. ಇದು ಹೊಗಳಿಕೆಯಲ್ಲ. ಕರೆಂಟ್ ಹೋದ ಕೂಡಲೇ ಪಿಟೀಲು ಶುರುವಾಗುತ್ತದೆ. ಲಿಫ್ಟಿನಲ್ಲಿ ಕರೆಂಟ್ ಹೋದಾಗ ಮೊದಲು ಆಗುವುದೇನು? ಅದುವರೆಗೆ ನಮ್ಮ ಗಮನಕ್ಕೇ ಬಾರದಿದ್ದ ಫ್ಯಾನಿನ ಗುಂಯ್ ಎನ್ನುವ ಸದ್ದು ನಿಲ್ಲುತ್ತದೆ. ಆ ನಿಲ್ಲುವಿಕೆ ಕಿವಿಗೆ ಬೀಳಬೇಕಾದರೆ ಅದಕ್ಕೆ ಮುಂಚಿನ ಒಂದು ನಿಮಿಷ ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿಯೇ ಇರಬೇಕು. ‘ದಾಸ್ ಬೂಟ್’ನಲ್ಲಿ ಮೇಲಿನ ಹಡಗು ಹುಡುಕುತ್ತಾ ಬರುವಾಗ ಒಳಗಿನವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಕೇಳುವುದು ಶಬ್ದಶೋಧಕದ ಟಿಂಗ್ ಎನ್ನುವ ಒಂದೇ ದನಿ. ಆಳ ತೋರಿಸುವ ಮುಳ್ಳು ಇಳಿಯುತ್ತದೆ, ಬೋಲ್ಟುಗಳು ಸಿಡಿಯುತ್ತವೆ. ನಮ್ಮಲ್ಲೂ ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ತಮ್ಮ ಮೊದಲ ಚಿತ್ರ ‘ತರ್ಕ’ವನ್ನು ಒಂದೂ ಹಾಡಿಲ್ಲದೆ ಮಾಡಿ ಗೆದ್ದರು. ಹಾಡಿಲ್ಲದೆ ಕನ್ನಡ ಚಿತ್ರ ಓಡುವುದೇ ಎಂದು ಕೇಳುತ್ತಿದ್ದ ಕಾಲ ಅದು. ನೀವು ಪಿಟೀಲು ಬಿಡುವುದಕ್ಕೆ ಅಷ್ಟು ಧೈರ್ಯವೂ ಬೇಕಾಗಿಲ್ಲ.

ನಿಮ್ಮ ಮಾತುಗಳನ್ನು ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಸಿದ್ದೀರಿ, ಹಾಗಾಗಿ ಇಬ್ಬರೂ ಆಕಾಶವಾಣಿಯಲ್ಲಿ ಮಾತಾಡಿದಂತಿದೆ. ತಗಡಿನ ಪೆಟ್ಟಿಗೆಯೊಳಗೆ ದನಿಗೆ ಒಂದು ಬಗೆಯ ಗಡುಸಾದ, ಚೋಟುದ್ದದ ಮಾರ್ದನಿ ಇರುತ್ತದೆ. ಮಧ್ಯರಾತ್ರಿ ಅದೇ ಲಿಫ್ಟಿಗೆ ಹೋಗಿ ಬಾಗಿಲು ಮುಚ್ಚಿ ಒಂದು ಬಲೂನ್ ಒಡೆಯಿರಿ, ಆ ಸದ್ದನ್ನು ಒಳ್ಳೆಯ ಮೈಕಿನಲ್ಲಿ ಹಿಡಿಯಿರಿ. ಆ ಮಾರ್ದನಿಯ ಅಚ್ಚು ತೆಗೆದು ಡಬ್ಬಿಂಗ್ ದನಿಗೆ ಹಚ್ಚುವ ಸಾಫ್ಟ್‌ವೇರ್ ಈಗ ಸಣ್ಣ ಸ್ಟುಡಿಯೋಗಳಲ್ಲೂ ಇದೆ. ಜೊತೆಗೆ, ಯಾರೂ ಮಾತಾಡದ ಎರಡು ನಿಮಿಷದ ರೂಮ್ ಟೋನ್, ಅಂದರೆ ಆ ಜಾಗದ ಬರಿಯ ಮೌನದ ಸದ್ದು, ತೆಗೆದುಕೊಂಡು ಬನ್ನಿ. ಮತ್ತು ಹೊರಗಿನ ಜಗತ್ತನ್ನು ಕಿವಿಯಿಂದ ಒಳಗೆ ಬಿಡಿ. ಮೂರನೇ ಮಹಡಿಯ ಕುಕ್ಕರ್ ಸೀಟಿ, ನಾಲ್ಕನೆಯದರಲ್ಲಿ ಧಾರಾವಾಹಿಯ ಶೀರ್ಷಿಕೆ ಗೀತೆ, ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿ. ಗಡಿಯಾರ ತೋರಿಸದೆಯೇ ಹೊತ್ತು ಗೊತ್ತಾಗುತ್ತದೆ. ಒಂದು ಇಟ್ಟಿಗೆ ಗೋಡೆಯಾಚೆ ಊಟಕ್ಕೆ ತಟ್ಟೆ ಹಾಕುತ್ತಿದ್ದಾರೆ, ಇಲ್ಲಿ ಇವರು ಕೂಗುತ್ತಿದ್ದಾರೆ. ವಿಕ್ರಮಾದಿತ್ಯ ಮೋಟ್ವಾನೆಯವರ ‘ಟ್ರ್ಯಾಪ್ಡ್’ ಇಡೀ ಕಟ್ಟಿರುವುದು ಈ ಉರಿಯ ಮೇಲೆಯೇ: ಮುಂಬೈಯ ಬಹುಮಹಡಿ ಕಟ್ಟಡದ ಖಾಲಿ ಫ್ಲ್ಯಾಟಿನಲ್ಲಿ ಸಿಕ್ಕಿಕೊಂಡವನಿಗೆ ಊರೆಲ್ಲ ಕಾಣುತ್ತದೆ, ಊರಿಗೆ ಅವನು ಕೇಳಿಸುವುದಿಲ್ಲ.

ಫೋನಿನ ಬಗ್ಗೆಯೂ ಜಗಳವಿದೆ. ನಿಮ್ಮ ಚಿತ್ರದಲ್ಲಿ ಎರಡನೇ ನಿಮಿಷಕ್ಕೇ ‘ಸಿಗ್ನಲ್ ಇಲ್ಲ’ ಎಂದು ಅದನ್ನು ಕೊಂದುಹಾಕಿದ್ದೀರಿ. ‘ಬರೀಡ್’ನಲ್ಲಿ ಫೋನ್ ಕೆಲಸ ಮಾಡುತ್ತದೆ, ಅದೇ ನರಕ. ಕರೆ ಮಾಡಿದರೆ ಧ್ವನಿಮುದ್ರಿತ ಉತ್ತರ ಬರುತ್ತದೆ, ‘ಸ್ವಲ್ಪ ಹೊತ್ತು ಕಾಯಿರಿ’ ಎನ್ನುತ್ತಾರೆ, ಇನ್ನೊಂದು ವಿಭಾಗಕ್ಕೆ ವರ್ಗಾಯಿಸುತ್ತಾರೆ. ಭೂಮಿಯೊಳಗೆ ಹೂತವನೊಬ್ಬ ಗ್ರಾಹಕ ಸೇವೆಯವರ ಜೊತೆ ಮಾತಾಡುತ್ತಿದ್ದಾನೆ! ಸ್ಟೀವನ್ ನೈಟ್ ಅವರ ‘ಲಾಕ್’ನಲ್ಲಿ (2013) ಟಾಮ್ ಹಾರ್ಡಿ ಕಾರು ಓಡಿಸುತ್ತಾ ಮಾತಾಡುವುದೇ ಚಿತ್ರ. ಕಾರಿಗೆ ಬೀಗವಿಲ್ಲ, ಅವನು ಯಾವಾಗ ಬೇಕಾದರೂ ಇಳಿಯಬಹುದು, ಆದರೂ ನಮಗೆ ಉಸಿರು ಕಟ್ಟುತ್ತದೆ. ನಿಮ್ಮ ಹುಡುಗನ ಫೋನ್ ಬದುಕಿರಲಿ. ಪಾರ್ಸೆಲ್ ತಡವಾಯಿತೆಂದು ಗ್ರಾಹಕರು ಕರೆ ಮಾಡಲಿ. ‘ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ ಮೇಡಂ’ ಎಂದರೆ ‘ಎಲ್ಲರೂ ಹೀಗೇ ಹೇಳುತ್ತಾರೆ’ ಎನ್ನಲಿ.

ಹೊರಗೆ ಕತ್ತರಿಸಲೇಬಾರದೇ ಎಂದು ನೀವು ಕೇಳಬಹುದು. ಮಲಯಾಳದ ‘ಹೆಲೆನ್’ (2019) ನೋಡಿ, ಮಾತುಕುಟ್ಟಿ ಸೇವಿಯರ್ ಅವರ ಮೊದಲ ಚಿತ್ರ. ಚಿಕನ್ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗಿ ಅದರ ಶೀತಲ ಕೋಣೆಯೊಳಗೆ ಸಿಕ್ಕಿಬೀಳುತ್ತಾಳೆ. ಚಿತ್ರ ಧಾರಾಳವಾಗಿ ಹೊರಗೆ ಹೋಗುತ್ತದೆ. ಆದರೆ ಹೊರಗೆ ಅಪ್ಪ ಅವಳನ್ನು ಹುಡುಕುತ್ತಿದ್ದಾನೆ, ಎಲ್ಲ ಕಡೆ ಹುಡುಕುತ್ತಾನೆ, ಅವಳಿರುವಲ್ಲಿ ಮಾತ್ರ ಹುಡುಕುವುದಿಲ್ಲ. ಅವಳೆಲ್ಲಿದ್ದಾಳೆಂದು ನಮಗೆ ಗೊತ್ತು. ಹೊರಗಿನ ಪ್ರತಿ ನಿಮಿಷ ಒಳಗಿನ ಚಳಿಯನ್ನು ಹೆಚ್ಚಿಸುತ್ತದೆ. ನಿಮ್ಮ ಜೋಳದ ಹೊಲ ಒಳಗಿನ ಯಾವುದನ್ನೂ ಹೆಚ್ಚಿಸುವುದಿಲ್ಲ, ಹುಡುಗ ಒಳ್ಳೆಯವನೆಂದು ಸಾಬೀತು ಮಾಡುತ್ತದೆ ಅಷ್ಟೇ. ಅದು ನಮಗೆ ಅವನು ಚೀಲ ಇಳಿಸಿದ ರೀತಿಯಲ್ಲೇ ಗೊತ್ತಾಗಿತ್ತು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ. 15ನೇ ನಿಮಿಷದಲ್ಲಿ ಅಧಿಕಾರಿಗಳು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ‘ನನಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ಮೀರಬಾರದು’ ಎನ್ನುತ್ತಾರೆ. ಹುಡುಗ ‘ಹೌದಾ ಸಾರ್’ ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹುಡುಗನ ಬೆನ್ನ ಮೇಲೆ ಊಟದ ಚೀಲವಿದೆ! ನೀವು ಇಲ್ಲದ ಆಮ್ಲಜನಕವನ್ನು ಹುಡುಕುತ್ತಾ, ಚಿತ್ರದೊಳಗೇ ಇದ್ದ ಚಿತ್ರವನ್ನು ದಾಟಿ ಹೋಗಿದ್ದೀರಿ. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮೊದಲು ಬೆವರು, ಆಮೇಲೆ ಕೈನಡುಕ, ಸಿಡುಕು, ಮಾತು ತೊದಲುವುದು, ಎಚ್ಚರ ತಪ್ಪುವುದು. ಸಿಡುಕು ಎಂಬುದನ್ನು ಗಮನಿಸಿ. ಅದು ಕಾಯಿಲೆಯ ಲಕ್ಷಣವೆಂದು ಹುಡುಗನಿಗೆ ತಿಳಿಯದು, ದೊಡ್ಡವರ ಸೊಕ್ಕೆಂದು ತಿಳಿಯುತ್ತಾನೆ. ಅಧಿಕಾರಿಗಳಿಗೋ ಪರರ ಪಾರ್ಸೆಲ್ ಕೇಳಲು ಸಂಕೋಚ, ಅದೂ ಮೊದಲ ನಿಮಿಷದಲ್ಲಿ ‘ಸರ್ವಿಸ್ ಲಿಫ್ಟಿನಲ್ಲಿ ಹೋಗಬಾರದೇ’ ಎಂದು ಇದೇ ಹುಡುಗನನ್ನು ಗದರಿದ ಮೇಲೆ. ಹುಡುಗನಿಗೆ ಸೀಲ್ ಒಡೆದರೆ ದಿನದ ದುಡಿಮೆ ಕಡಿತ. ಕರಗುತ್ತಿರುವ ವಸ್ತು ಸಿಕ್ಕಿತಲ್ಲ. ಅದಕ್ಕೆ ಗಡಿಯಾರವೂ ಇದೆ, ಬೆಲೆಯೂ ಇದೆ, ಗಾಳಿ ಬೇಕಾದಷ್ಟಿರುವ ಲಿಫ್ಟಿನಲ್ಲೇ ಇದೆ.

ಹಾಗಾಗಿ ನಾಲ್ಕು ಫ್ಲ್ಯಾಷ್‌ಬ್ಯಾಕುಗಳನ್ನೂ ಹಗ್ಗದ ಪ್ರಸಂಗವನ್ನೂ ಕಿತ್ತುಹಾಕಿ. ಚಿತ್ರ 14 ನಿಮಿಷಕ್ಕೆ ಇಳಿಯುತ್ತದೆ, ಇಳಿಯಲಿ. ಸಕ್ಕರೆಯ ಮಾತನ್ನು ಮಾತಾಗಿ ಹೇಳಿಸದೆ ಎರಡನೇ ನಿಮಿಷಕ್ಕೆ ತನ್ನಿ: ಲಿಫ್ಟಿಗೆ ಕಾಯುತ್ತಾ ಅವರು ಇನ್ಸುಲಿನ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಡುವುದು ಕಂಡರೆ ಸಾಕು, ಊಟಕ್ಕೆ ಹೊರಟಿದ್ದಾರೆಂದು ತಿಳಿಯುತ್ತದೆ. ಪಾರ್ಸೆಲಿನಲ್ಲಿ ಬಿರಿಯಾನಿಯ ಬದಲು ಬಿಸಿಬೇಳೆಬಾತ್ ಮತ್ತು ಎರಡು ಜಾಮೂನು ಇರಲಿ. ವರ್ಷಗಟ್ಟಲೆ ಮನೆಯವರು ಮುಟ್ಟಗೊಡದ ಜಾಮೂನು, ಇವತ್ತು ಅದೇ ಔಷಧಿ. ಸೀಲಿನ ಸ್ಟಿಕ್ಕರನ್ನು ಹಿಂದಿನ ದೃಶ್ಯಗಳಲ್ಲಿ ಮೂರು ಸಲ ತೋರಿಸಿ, ಪ್ರತಿ ಸಲ ಇನ್ನಷ್ಟು ಉದ್ದ ಲೆನ್ಸಿನಲ್ಲಿ. ಅದನ್ನು ಕೀಳುವ ಶಾಟ್ ತೆಗೆಯುವಾಗ ಸೆಟ್ಟಿನಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ಮೈಕನ್ನು ಒಂದು ಗೇಣು ದೂರಕ್ಕೆ ತನ್ನಿ. ಆ ಸದ್ದೊಂದನ್ನು ಮಾತ್ರ ಡಬ್ಬಿಂಗಿಗೆ ಬಿಡಬೇಡಿ.